ಕಂಡವನ ಹೊಣೆ



ಅರಿಯದೆ ಬಿಟ್ಟ ಕೆಲಸಕ್ಕೂ ಅರಿತು ಬಿಟ್ಟ ಕೆಲಸಕ್ಕೂ ಧರ್ಮದ ತಕ್ಕಡಿಯಲ್ಲಿ ಒಂದೇ ತೂಕವಿಲ್ಲ. ನೆರೆಮನೆಯವನು ಹಸಿದಿರುವನೆಂದು ತಿಳಿಯದೆ ಉಂಡು ಮಲಗಿದವನನ್ನು ಲೋಕವು ಕ್ಷಮಿಸುತ್ತದೆ. ತಿಳಿದೂ ಉಂಡು ಮಲಗಿದವನನ್ನು ಅವನ ಮನಸ್ಸೇ ಕ್ಷಮಿಸಲಾರದು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪರರ ನೋವನ್ನು ತಾನಾಗಿಯೇ ಹುಡುಕಿಕೊಂಡು ಹೋಗಿ, ಕಂಡು, ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಸುಮ್ಮನೆ ಹಿಂದಿರುಗುವವನ ಸ್ಥಿತಿ ಯಾವುದು? ಹುಡುಕಿದ್ದಕ್ಕಾಗಿ ಅವನಿಗೆ ಪುಣ್ಯವೋ, ಸುಮ್ಮನಿದ್ದುದಕ್ಕಾಗಿ ದೋಷವೋ?

ಇದು ಬರಿಯ ತರ್ಕದ ಪ್ರಶ್ನೆಯೆಂದು ಭಾವಿಸದಿರಿ. ವರ್ಷಕ್ಕೊಮ್ಮೆ ನಮ್ಮ ಊರ ಶಾಲೆಗಳ ಅಂಗಳದಲ್ಲಿ ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ವೈದ್ಯರು ಬರುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಕಣ್ಣು ಕಿವಿಗಳನ್ನು ಪರೀಕ್ಷಿಸುತ್ತಾರೆ, ಎದೆಗೆ ಸ್ಟೆತಾಸ್ಕೋಪು ಇಡುತ್ತಾರೆ. ಒಂದು ಮಗುವಿನ ಕಿವಿ ಸೋರುತ್ತಿರುವುದು ಕಾಣುತ್ತದೆ. ಚೀಟಿಯಲ್ಲಿ ಅದು ದಾಖಲಾಗುತ್ತದೆ. ಚೀಟಿ ಮಗುವಿನ ಕೈಗೆ ಬರುತ್ತದೆ. ಅಲ್ಲಿಂದ ಮುಂದಿನದು ಯಾರ ಹೊಣೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಶಾಲಾ ವೈದ್ಯಕೀಯ ತಪಾಸಣೆಯನ್ನು ಮೊದಲು ದೇಶವ್ಯಾಪಿಯಾಗಿ ಕಾಯಿದೆಯ ಮೂಲಕ ಜಾರಿಗೆ ತಂದ ನಾಡುಗಳಲ್ಲೊಂದಾದ ಇಂಗ್ಲೆಂಡಿನ ಅನುಭವವನ್ನು ಅವಲೋಕಿಸುವುದು ಒಳ್ಳೆಯದು. ಅಲ್ಲಿ ಈ ಧರ್ಮಸಂಕಟವು ಹತ್ತು ವರ್ಷಗಳ ಕಾಲ ಇಡೀ ದೇಶದ ಮುಂದೆ ನಿಂತಿತ್ತು.

1870ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರಾಥಮಿಕ ಶಾಲೆಗಳ ಜಾಲ ಹರಡಿತು. 1880ರಲ್ಲಿ ಶಾಲೆಗೆ ಬರುವುದು ಕಡ್ಡಾಯವಾಯಿತು. 1891ರ ತರುವಾಯ ಬಹುಮಟ್ಟಿಗೆ ಶುಲ್ಕವೂ ಇಲ್ಲವಾಯಿತು. ವಿದ್ಯೆಗಾಗಿ ತಂದ ಈ ಏರ್ಪಾಡಿನಿಂದ ಯಾರೂ ಎಣಿಸದಿದ್ದ ಒಂದು ಪರಿಣಾಮ ಉಂಟಾಯಿತು. ಅದುವರೆಗೆ ಬಡವರ ಮಕ್ಕಳ ಕಾಯಿಲೆಗಳು ಬಡವರ ಮನೆಗಳ ಕತ್ತಲೆಯಲ್ಲಿ ಅಡಗಿದ್ದವು. ಈಗ ಅವೆಲ್ಲವೂ ಒಂದೇ ಕೋಣೆಯಲ್ಲಿ, ಒಬ್ಬ ಉಪಾಧ್ಯಾಯರ ಕಣ್ಣೆದುರಿಗೆ ಬೆಂಚುಗಳ ಮೇಲೆ ಬಂದು ಕುಳಿತವು. ಹುಳುಕು ಹಲ್ಲು, ಸೋರುವ ಕಿವಿ, ಬಾತ ಟಾನ್ಸಿಲ್, ತಲೆಯ ಹುಳುಕಡ್ಡಿ, ಹೇನು, ಮಂದದೃಷ್ಟಿ, ಎಲ್ಲಕ್ಕಿಂತ ಮಿಗಿಲಾಗಿ ಹಸಿವು. ಕರಿಹಲಗೆಯ ಮೇಲಿನ ಅಕ್ಷರ ಕಾಣದ ಹುಡುಗನನ್ನು ದಡ್ಡನೆಂದೂ, ಹೇಳಿದ್ದು ಕೇಳಿಸದ ಹುಡುಗಿಯನ್ನು ಉದ್ಧಟಳೆಂದೂ ದಂಡಿಸುತ್ತಿದ್ದ ಶಾಲೆಗೆ, ತಾನು ದಂಡಿಸುತ್ತಿರುವುದು ಕಾಯಿಲೆಯನ್ನು ಎಂಬ ಸಂಶಯವು ಮೆಲ್ಲಮೆಲ್ಲನೆ ಮೂಡತೊಡಗಿತು.

ಲಂಡನ್ನಿನ ಶಾಲಾ ಮಂಡಲಿಯು 1890ರಲ್ಲಿಯೂ, ಉಣ್ಣೆ ಗಿರಣಿಗಳ ಪಟ್ಟಣವಾದ ಬ್ರಾಡ್‌ಫರ್ಡಿನ ಮಂಡಲಿಯು 1893ರಲ್ಲಿಯೂ ತಮ್ಮದೇ ವೈದ್ಯಾಧಿಕಾರಿಗಳನ್ನು ನೇಮಿಸಿಕೊಂಡವು. ಬ್ರಾಡ್‌ಫರ್ಡಿನಲ್ಲಿ ಆ ಹುದ್ದೆಗೆ ಬಂದವರು ಡಾ. ಜೇಮ್ಸ್ ಕೆರ್. ಮರುವರ್ಷ ಅದೇ ಮಂಡಲಿಗೆ ಮಾರ್ಗರೆಟ್ ಮೆಕ್‌ಮಿಲನ್ ಎಂಬ ಮಹಿಳೆ ಚುನಾಯಿತರಾದರು. ಮೈ ಕೊಳೆಯಾಗಿ, ಹೊಟ್ಟೆ ಬರಿದಾಗಿ ಬಂದ ಮಗುವಿಗೆ ಪಾಠ ಹೇಳುವುದು ಸಾರ್ವಜನಿಕ ಹಣದ ಅಪವ್ಯಯವೆಂದು ಆಕೆ ವಾದಿಸಿದರು. 1897ರಲ್ಲಿ ಅಲ್ಲಿನ ಒಂದು ಶಾಲೆಯೊಳಗೇ ಸ್ನಾನಗೃಹ ಸಿದ್ಧವಾಯಿತು.

ಆದರೆ ದೇಶದ ಮನಸ್ಸು ತಿರುಗಿದ್ದು ಕರುಣೆಯಿಂದ ಎಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಬಹುಸಂಖ್ಯೆಯ ಜನ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. ಸಾಮ್ರಾಜ್ಯಕ್ಕೆ ಭಯ ಹುಟ್ಟಿತು. ಜನತೆಯ ಶಾರೀರಿಕ ಅವನತಿಯನ್ನು ಕುರಿತು ವಿಚಾರಿಸಲು ನೇಮಕವಾದ ಸಮಿತಿಯು 1904ರಲ್ಲಿ ವರದಿಯೊಪ್ಪಿಸಿ, ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ನಡೆಯಬೇಕೆಂದು ಶಿಫಾರಸು ಮಾಡಿತು. ಸಿಪಾಯಿಗಳ ಕೊರತೆ ಕಾಡಿದಾಗ ಮಗುವಿನ ಹಲ್ಲು ನೆನಪಾಯಿತು! ಸತ್ಕಾರ್ಯಗಳು ಶುದ್ಧ ಸಂಕಲ್ಪದಿಂದಲೇ ಹುಟ್ಟಬೇಕೆಂದು ಹಟ ಹಿಡಿದರೆ ಲೋಕದಲ್ಲಿ ಬಹಳ ಕೆಲಸಗಳು ಹುಟ್ಟುವುದೇ ಇಲ್ಲವೆಂಬ ಮಾತನ್ನೂ ಇಲ್ಲಿ ನೆನೆಯಬಹುದು.

ಕೊನೆಗೆ 1907ರಲ್ಲಿ ಕಾಯಿದೆಯಾಯಿತು. ಅದರ ಹೆಸರು ‘ಶಿಕ್ಷಣ (ಆಡಳಿತಾತ್ಮಕ ವಿಧಿಗಳು) ಕಾಯಿದೆ’. ಇಷ್ಟು ನೀರಸವಾದ ಹೆಸರಿನೊಳಗೆ ಮಕ್ಕಳ ಆರೋಗ್ಯ ಅಡಗಿದೆಯೆಂದು ಯಾರೂ ಊಹಿಸರು. 1908ರ ಜನವರಿ 1ರಿಂದ ಅದು ಆಚರಣೆಗೆ ಬಂದಿತು. ಅದರ ಒಂದು ಕಲಮಿನಲ್ಲಿ ಎರಡು ಮಾತುಗಳಿದ್ದವು. ಮಕ್ಕಳನ್ನು ಶಾಲೆಗೆ ಸೇರುವಾಗಲೂ ಆಮೇಲೆ ಗೊತ್ತುಪಡಿಸಿದ ಸಮಯಗಳಲ್ಲಿಯೂ ತಪಾಸಣೆ ಮಾಡಿಸುವುದು ಸ್ಥಳೀಯ ಶಿಕ್ಷಣ ಸಂಸ್ಥೆಗಳ ಕರ್ತವ್ಯ ಎಂಬುದು ಮೊದಲನೆಯದು. ಮಕ್ಕಳ ಆರೋಗ್ಯಕ್ಕೆ ತಕ್ಕ ಏರ್ಪಾಡು ಮಾಡಲು ಆ ಸಂಸ್ಥೆಗಳಿಗೆ ಅಧಿಕಾರ ಉಂಟು ಎಂಬುದು ಎರಡನೆಯದು. ವಾಚಕರು ಈ ಎರಡು ಪದಗಳನ್ನು ಗಮನಿಸಬೇಕು. ನೋಡುವುದು ಕರ್ತವ್ಯ, ಗುಣಪಡಿಸುವುದು ಅಧಿಕಾರ ಮಾತ್ರ. ಕರ್ತವ್ಯವನ್ನು ಬಿಡುವಂತಿಲ್ಲ. ಅಧಿಕಾರವನ್ನು ಬಳಸಿದರೂ ಸರಿ, ಬಳಸದಿದ್ದರೂ ಸರಿ.

ಇದರ ಫಲವೇನಾಯಿತು? ದೇಶದ ಉದ್ದಗಲಕ್ಕೂ ವೈದ್ಯರು ಶಾಲೆಗಳಿಗೆ ನಡೆದರು. ಲಕ್ಷಾಂತರ ಮಕ್ಕಳ ಬಾಯಿ ತೆರೆಸಿ ನೋಡಿದರು. ಕಾರ್ಡುಗಳು ತುಂಬಿದವು. ಶಿಕ್ಷಣ ಮಂಡಲಿಯ ಮುಖ್ಯ ವೈದ್ಯಾಧಿಕಾರಿಯಾಗಿ ನೇಮಕಗೊಂಡ ಡಾ. ಜಾರ್ಜ್ ನ್ಯೂಮನ್ ವರ್ಷವರ್ಷವೂ ವರದಿ ಬರೆದರು. ಮಗುವಿಗೆ ಇಂಥ ದೋಷವಿದೆ, ವೈದ್ಯರಿಗೆ ತೋರಿಸಿರಿ ಎಂಬ ಸೂಚನೆ ತಂದೆತಾಯಿಗಳಿಗೆ ಹೋಯಿತು. ಕೂಲಿಯವನ ಮನೆಗೆ ಬಂದ ಆ ಕಾಗದವು ಏನನ್ನು ಹೇಳಿದಂತಾಯಿತು? ಖಾಸಗಿ ವೈದ್ಯನಿಗೆ ಕೊಡಲು ಹಣವಿಲ್ಲ. ಧರ್ಮಾಸ್ಪತ್ರೆ ದೂರ, ಅಲ್ಲಿ ದಿನವೆಲ್ಲ ಕಾದರೆ ಅಂದಿನ ಕೂಲಿ ಹೋಗುತ್ತದೆ. ದರಿದ್ರರ ಕಾನೂನಿನಡಿಯಲ್ಲಿ ದೊರೆಯುವ ಔಷಧಕ್ಕೆ ಕೈಯೊಡ್ಡಿದರೆ ಮಾನ ಹೋಗುತ್ತದೆ. ಅದುವರೆಗೆ ‘ಏನೋ ನೋವು, ಹೋದೀತು’ ಎಂದುಕೊಂಡಿದ್ದ ತಾಯಿಗೆ ಈಗ ರೋಗದ ಹೆಸರು ಗೊತ್ತಾಯಿತು. ಮದ್ದು ಮಾತ್ರ ಕೈಗೆಟುಕದಾಯಿತು. ದುಃಖಕ್ಕೆ ಹೆಸರಿಟ್ಟುಕೊಟ್ಟು ಹೋಗುವುದು ಉಪಕಾರವೇ?

ಚಿಕಿತ್ಸೆಯನ್ನು ವಿರೋಧಿಸಿದವರೆಲ್ಲ ಕಟುಕರಾಗಿದ್ದರೆಂದು ತಿಳಿಯುವುದು ಅನ್ಯಾಯ. ಅವರ ವಾದಕ್ಕೊಂದು ಧರ್ಮದ ನೆಲೆಯಿತ್ತು. ಮಗುವನ್ನು ಸಾಕುವುದು ಹೆತ್ತವರ ಕರ್ತವ್ಯ. ಆ ಕರ್ತವ್ಯವನ್ನು ಸರಕಾರ ವಹಿಸಿಕೊಂಡರೆ ಹೆತ್ತವರ ಬಾಧ್ಯತೆಯ ಪ್ರಜ್ಞೆ ಬತ್ತುತ್ತದೆ. ಸಂಸಾರದ ಕಟ್ಟು ಸಡಿಲವಾಗುತ್ತದೆ. ಸೋಮಾರಿಯಾದ ತಂದೆಗೆ ಬಹುಮಾನ, ದುಡಿಯುವ ತಂದೆಗೆ ತೆರಿಗೆ ಎಂದಾಗುತ್ತದೆ. 1869ರಲ್ಲಿ ಸ್ಥಾಪನೆಗೊಂಡ ಲಂಡನ್ನಿನ ಚಾರಿಟಿ ಆರ್ಗನೈಸೇಷನ್ ಸೊಸೈಟಿಯಂಥ ಸಂಸ್ಥೆಗಳು ಈ ಬಗೆಯ ವಾದವನ್ನು ಶ್ರದ್ಧೆಯಿಂದಲೇ ಮಂಡಿಸಿದವು. ಕಾಯಕದ ಘನತೆಯನ್ನು ಬಲ್ಲ ನಮ್ಮವರಿಗೂ ಈ ಮಾತಿನಲ್ಲಿರುವ ತಥ್ಯಾಂಶ ಕಾಣದಿರದು.

ಆದರೂ ಈ ವಾದ ನಿಲ್ಲುವುದಿಲ್ಲ. ಅದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದಾಗಿ, ತಂದೆಯ ಸೋಮಾರಿತನಕ್ಕೆ ಶಿಕ್ಷೆ ವಿಧಿಸಲೇಬೇಕೆಂದಿದ್ದರೆ ಅದು ತಂದೆಯ ಮೇಲೆ ಬೀಳಬೇಕು. ಚಿಕಿತ್ಸೆಯನ್ನು ತಡೆದರೆ ಅದು ಬೀಳುವುದು ಮಗುವಿನ ಕಿವಿಯ ಮೇಲೆ. ಎರಡನೆಯದಾಗಿ, ಮಗುವನ್ನು ಕಾಯಿದೆಯ ಬಲದಿಂದ ಮನೆಯಿಂದ ಕರೆತಂದು ದಿನದ ಬಹುಭಾಗ ತನ್ನ ಬೆಂಚಿನ ಮೇಲೆ ಕೂರಿಸಿಕೊಂಡ ಸರಕಾರವು ಆಗಲೇ ಹೆತ್ತವರ ಸ್ಥಾನದಲ್ಲಿ ಪಾಲು ಪಡೆದಿದೆ. ಪಾಲು ಪಡೆದವನು ಭಾರದಲ್ಲಿಯೂ ಪಾಲುಗಾರನಾಗಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ತಪಾಸಣೆಯೆಂಬುದೇ ಒಂದು ಭರವಸೆ. ವೈದ್ಯನು ಮಗುವಿನ ಅಂಗಿ ಬಿಚ್ಚಿಸಿ ಎದೆಗೆ ಕಿವಿಗೊಟ್ಟಾಗ, ‘ನಿನ್ನ ಯೋಗಕ್ಷೇಮ ನಮಗೆ ಬೇಕಾಗಿದೆ’ ಎಂದು ಬಾಯಿಬಿಟ್ಟು ಹೇಳದೆಯೇ ಹೇಳಿದಂತಾಯಿತು. ಮಗುವು ತನ್ನ ದೇಹವನ್ನು ನಂಬಿ ತೋರಿಸುತ್ತದೆ. ಆ ನಂಬಿಕೆಯನ್ನು ಸ್ವೀಕರಿಸಿದವನು ಬರಿಯ ಲೆಕ್ಕ ಬರೆದುಕೊಂಡು ಹೋದರೆ ಆಡಿದ ಮಾತಿಗೆ ತಪ್ಪಿದಂತಾಗುತ್ತದೆ. ಹೆತ್ತವರ ಕರ್ತವ್ಯಕ್ಕೂ ಇಲ್ಲಿ ಜಾಗವಿಲ್ಲದೆ ಇಲ್ಲ. 1909ರಲ್ಲಿ ಬಂದ ಕಾಯಿದೆಯು ಚಿಕಿತ್ಸೆಯ ವೆಚ್ಚವನ್ನು ಹೆತ್ತವರಿಂದ ಪಡೆಯಬೇಕೆಂದೂ, ತಮ್ಮ ತಪ್ಪಿಲ್ಲದೆ ಕೊಡಲಾಗದವರನ್ನು ಒತ್ತಾಯಿಸಕೂಡದೆಂದೂ ವಿಧಿಸಿತು. ಹಣ ಯಾರು ಕೊಡಬೇಕೆಂಬುದು ಒಂದು ಪ್ರಶ್ನೆ. ಮಗುವಿಗೆ ಮದ್ದು ಸಿಗಬೇಕೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಜಗಳ ತೀರುವವರೆಗೆ ಎರಡನೆಯದನ್ನು ತಡೆಹಿಡಿಯಬಾರದು.

ತಪಾಸಣೆಯ ಪಕ್ಷದಲ್ಲಿ ನಿಂತು ಹೇಳಬಹುದಾದ ಒಂದು ಬಲವಾದ ಮಾತಿದೆ. ಶಿಕ್ಷಣ ಮಂಡಲಿಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೊರಂಟ್ ದೂರದೃಷ್ಟಿಯುಳ್ಳ ಅಧಿಕಾರಿ. ಮೊದಲೇ ಚಿಕಿತ್ಸೆಯನ್ನು ಕೇಳಿದ್ದರೆ ವೆಚ್ಚಕ್ಕೆ ಹೆದರಿ ಸಂಸತ್ತು ಎರಡನ್ನೂ ತಳ್ಳಿಬಿಡುತ್ತಿತ್ತು. ತಪಾಸಣೆ ನಡೆದು ಮಕ್ಕಳ ದುಃಸ್ಥಿತಿ ಅಂಕಿಗಳಾಗಿ ಎದುರಿಗೆ ನಿಂತರೆ ಚಿಕಿತ್ಸೆಯನ್ನು ಯಾರೂ ತಡೆಯಲಾರರು ಎಂಬ ಲೆಕ್ಕಾಚಾರವನ್ನು ಅವರ ನಡೆಯಲ್ಲಿ ಚರಿತ್ರಕಾರರು ಗುರುತಿಸಿದ್ದಾರೆ. ಆ ಲೆಕ್ಕ ಹುಸಿಯಾಗಲಿಲ್ಲ. 1912ರಿಂದ ಚಿಕಿತ್ಸೆಗೆ ಕೇಂದ್ರದ ಅನುದಾನ ದೊರೆಯಿತು. 1918ರ ಕಾಯಿದೆಯು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಿಕಿತ್ಸೆಯ ಏರ್ಪಾಡನ್ನೂ ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನಾಗಿಸಿತು. 1944ರ ಕಾಯಿದೆಯು ವಿದ್ಯಾರ್ಥಿಗಳಿಗೆ ಉಚಿತ ಚಿಕಿತ್ಸೆ ದೊರಕುವಂತೆ ನೋಡಿಕೊಳ್ಳುವ ಭಾರವನ್ನು ಅವುಗಳ ಮೇಲೆ ಹೊರಿಸಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. 1974ರಲ್ಲಿ ಶಾಲಾ ಆರೋಗ್ಯದ ಕಾರ್ಯವು ಸ್ಥಳೀಯ ಸಂಸ್ಥೆಗಳ ಕೈಯಿಂದ ಆ ಸೇವೆಗೆ ವರ್ಗವಾಯಿತು.

ಹೀಗೆ ನೋಡಿದರೆ ಬರಿಯ ತಪಾಸಣೆಯೂ ಸಾರ್ಥಕವೆನಿಸುತ್ತದೆ. ಆದರೆ ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಬೇಕು. 1908ರಲ್ಲಿ ಎಂಟು ವರ್ಷದವಳಾಗಿದ್ದ ಹುಡುಗಿಯೊಬ್ಬಳ ಕಿವಿಯ ಸೋರಿಕೆಯನ್ನು ವೈದ್ಯರು ಕಂಡು ಬರೆದರೆನ್ನಿ. ಚಿಕಿತ್ಸೆಯು ಕರ್ತವ್ಯವಾದ ವರ್ಷ ಅವಳಿಗೆ ಹದಿನೆಂಟು ತುಂಬಿರುತ್ತದೆ. ಅಷ್ಟರೊಳಗೆ ಅವಳು ಶಾಲೆ ಬಿಟ್ಟು ಗಿರಣಿ ಸೇರಿ ವರ್ಷಗಳೇ ಕಳೆದಿರುತ್ತವೆ. ಅವಳಿದ್ದ ಊರಿನ ಸಂಸ್ಥೆಯು ಅಧಿಕಾರವನ್ನು ಬಳಸದೆ ಸುಮ್ಮನಿದ್ದಿದ್ದರೆ ಆ ಕಿವಿಯ ಗತಿಯೇನು? ಅವಳ ಕಿವಿಯು ವರದಿಯಲ್ಲಿ ಒಂದು ಅಂಕಿಯಾಗಿ ಮುಂದಿನ ಮಕ್ಕಳಿಗೆ ಉಪಕಾರ ಮಾಡಿತು, ನಿಜ. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾಳಿನ ನೂರು ಮಕ್ಕಳಿಗಾಗಿ ಇಂದಿನ ಒಂದು ಮಗುವನ್ನು ಬರಿಯ ದಾಖಲೆಯನ್ನಾಗಿಸುವ ಹಕ್ಕು ಯಾರಿಗಿದೆ? ಆಡಳಿತಗಾರನಿಗೆ ಕಾಯುವ ನೀತಿ ಅನಿವಾರ್ಯವಾಗಬಹುದು. ಆ ಮಗುವಿನ ಎದುರು ನಿಂತವನಿಗೆ ಅದು ನೆಪವಾಗಬಾರದು.

ಹಾಗೆ ಕಾಯದೆ ಇದ್ದವರೂ ಇದ್ದರು. ಬ್ರಾಡ್‌ಫರ್ಡಿನ ಸ್ಥಳೀಯ ಸಂಸ್ಥೆಯು 1908ರಲ್ಲಿಯೇ ತನ್ನ ಶಾಲಾ ಚಿಕಿತ್ಸಾಲಯವನ್ನು ತೆರೆಯಿತು. ಮಾರ್ಗರೆಟ್ ಮೆಕ್‌ಮಿಲನ್ ಅದೇ ವರ್ಷ ಲಂಡನ್ನಿನ ಬೋ ಎಂಬಲ್ಲಿ, 1910ರಲ್ಲಿ ಡೆಟ್‌ಫರ್ಡಿನ ಬಡವರ ಕೇರಿಯಲ್ಲಿ ತಮ್ಮ ಅಕ್ಕ ರೇಚೆಲ್ಲರೊಡನೆ ಚಿಕಿತ್ಸಾಲಯಗಳನ್ನು ನಡೆಸಿದರು. ಅಲ್ಲಿ ಅವರಿಗೆ ಇನ್ನೊಂದು ಪಾಠ ದೊರೆಯಿತು. ಗುಣಹೊಂದಿ ಮನೆಗೆ ಹೋದ ಮಗು ಕೆಲವೇ ವಾರಗಳಲ್ಲಿ ಅದೇ ಕಾಯಿಲೆಯನ್ನು ಹೊತ್ತು ಮರಳಿ ಬರುತ್ತಿತ್ತು. ಗಾಳಿಯಿಲ್ಲದ ಇಕ್ಕಟ್ಟಾದ ಕೋಣೆ, ನೀರಿಲ್ಲದ ಹಿತ್ತಿಲು, ಅರೆಹೊಟ್ಟೆಯ ಊಟ ಇವು ಬದಲಾಗದೆ ಮುಲಾಮಿನಿಂದ ಎಷ್ಟಾದೀತು? ಆಗ ಅವರು ಮಕ್ಕಳನ್ನು ರಾತ್ರಿ ಬಯಲಗಾಳಿಯಲ್ಲಿ ಮಲಗಿಸುವ ಶಿಬಿರಗಳನ್ನು ನಡೆಸಿದರು. 1914ರಲ್ಲಿ ತೆರೆದ ಗಾಳಿಯ ಶಿಶುವಿಹಾರವನ್ನು ಕಟ್ಟಿದರು. ಕಂಡವನ ಹೊಣೆ ಹೀಗೆ ಬೆಳೆಯುತ್ತ ಹೋಗುತ್ತದೆ. ಹಲ್ಲನ್ನು ಕಂಡವನು ಊಟವನ್ನು ಕಾಣುತ್ತಾನೆ. ಊಟವನ್ನು ಕಂಡವನು ಮನೆಯನ್ನು ಕಾಣುತ್ತಾನೆ. ಮನೆಯನ್ನು ಕಂಡವನಿಗೆ ಕೂಲಿಯ ದರವೂ ಕಣ್ಣಿಗೆ ಬೀಳುತ್ತದೆ.

ಚಿಕಿತ್ಸೆ ದೊರೆತ ಮಾತ್ರಕ್ಕೆ ಧರ್ಮ ಪೂರ್ಣವಾಯಿತೆಂದು ಹಿಗ್ಗುವಂತೆಯೂ ಇಲ್ಲ. ಗುಣಪಡಿಸುವ ಕೈಗೂ ಅಹಂಕಾರ ಅಂಟುತ್ತದೆ. 1938ರಲ್ಲಿ ಡಾ. ಅಲಿಸನ್ ಗ್ಲೋವರ್ ಎಂಬವರು ಶಾಲಾಮಕ್ಕಳ ಟಾನ್ಸಿಲ್ ಶಸ್ತ್ರಚಿಕಿತ್ಸೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದು ಊರಿನಲ್ಲಿ ಮಕ್ಕಳ ಟಾನ್ಸಿಲ್‌ಗಳನ್ನು ಕತ್ತರಿಸುವ ಪ್ರಮಾಣವು ಇನ್ನೊಂದು ಊರಿನದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಬಡತನದಿಂದಾಗಲಿ, ಹವೆಯಿಂದಾಗಲಿ, ಮನೆಗಳ ಇಕ್ಕಟ್ಟಿನಿಂದಾಗಲಿ ಈ ವ್ಯತ್ಯಾಸವನ್ನು ವಿವರಿಸಲಾಗಲಿಲ್ಲ. ಹಾರ್ನ್ಸಿ ಎಂಬ ಪಟ್ಟಣದಲ್ಲಿ ಶಾಲಾ ವೈದ್ಯಾಧಿಕಾರಿ ಬದಲಾದ ಮೇಲೆ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಥಟ್ಟನೆ ಇಳಿಯಿತು. ಅದರಿಂದ ಮಕ್ಕಳಿಗೇನೂ ಕೆಡುಕಾಗಲಿಲ್ಲ. ಎಂದರೆ ಎಷ್ಟೋ ಮಕ್ಕಳ ಗಂಟಲು ಕತ್ತರಿಗೆ ಗುರಿಯಾದದ್ದು ವೈದ್ಯರ ಅಭಿಪ್ರಾಯದಿಂದಲೇ ಹೊರತು ರೋಗದ ಅಗತ್ಯದಿಂದಲ್ಲ. ನೋಡಿ ಸುಮ್ಮನಿರುವುದು ಒಂದು ದೋಷವಾದರೆ, ಸರಿಯಾಗಿ ನೋಡದೆ ಕೈಮಾಡುವುದು ಇನ್ನೊಂದು ದೋಷ. ಎರಡಕ್ಕೂ ಮೂಲ ಒಂದೇ. ಎದುರಿಗಿರುವ ಮಗುವನ್ನು ಮರೆತು ತನ್ನ ಪದ್ಧತಿಯನ್ನು ಮಾತ್ರ ನೆನಪಿಟ್ಟುಕೊಳ್ಳುವುದು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ಪರೀಕ್ಷೆಯು ಮೊದಲು ನಡೆದದ್ದು 1909ರಲ್ಲಿ, ಬರೋಡಾ ನಗರದಲ್ಲಿ. ಸಯ್ಯಾಜಿರಾವ್ ಗಾಯಕವಾಡರ ಆ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವು 1906ರಲ್ಲಿ ಕಡ್ಡಾಯವಾಗಿತ್ತು. ಮಗುವನ್ನು ಶಾಲೆಗೆ ಕರೆದ ಮೂರು ವರ್ಷಗಳಲ್ಲಿ ಅದರ ದೇಹದ ಕಡೆಗೂ ಕಣ್ಣು ಹೊರಳಿತು. ಆದರೆ ಉಳಿದೆಡೆ ಈ ಕೆಲಸ ಹಬ್ಬಲಿಲ್ಲ. 1946ರ ಭೋರ್ ಸಮಿತಿಯ ವರದಿಯು ಶಾಲಾ ಆರೋಗ್ಯ ಸೇವೆಯೆಂಬುದು ದೇಶದಲ್ಲಿ ಇಲ್ಲವೆಂಬಷ್ಟು ವಿರಳವೆಂದು ಹೇಳಬೇಕಾಯಿತು. ಇಂದು ಆ ಸ್ಥಿತಿಯಿಲ್ಲ. 2013ರಲ್ಲಿ ಆರಂಭಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಏರ್ಪಾಡಾಗಿದೆ. ವೈದ್ಯರ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಬೇಕೆಂಬುದು ಅದರ ಕ್ರಮ. ಹುಟ್ಟಿನಿಂದ ಬಂದ ದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಬಗೆಯಲ್ಲಿ 30 ಸ್ಥಿತಿಗಳನ್ನು ಅದರಲ್ಲಿ ಆರಂಭದಲ್ಲಿ ಗುರುತಿಸಲಾಗಿತ್ತು. ಕಂಡುಬಂದ ದೋಷಕ್ಕೆ ಜಿಲ್ಲಾ ಮಟ್ಟದ ಕೇಂದ್ರಕ್ಕೂ ಆಸ್ಪತ್ರೆಗೂ ಕಳುಹಿಸಿ ಉಚಿತವಾಗಿ ಚಿಕಿತ್ಸೆ ಕೊಡಿಸಬೇಕೆಂಬುದೂ ಆ ಯೋಜನೆಯ ಅಂಗವೇ ಆಗಿದೆ. ಇಂಗ್ಲೆಂಡಿನ 1907ರ ಕಾಯಿದೆಯಲ್ಲಿ ಇಲ್ಲದಿದ್ದ ಎರಡನೆಯ ಕರ್ತವ್ಯವನ್ನು ನಮ್ಮ ಯೋಜನೆಯು ಆರಂಭದಲ್ಲಿಯೇ ಒಪ್ಪಿಕೊಂಡಿದೆ. ಇದು ಸಂತೋಷದ ಸಂಗತಿ.

ಆದರೆ ಕಾಗದದ ಮೇಲೆ ಕೂಡಿಕೊಂಡ ಆ ಎರಡು ಕರ್ತವ್ಯಗಳ ನಡುವೆ ನೆಲದ ಮೇಲೆ ಒಂದು ದಾರಿಯಿದೆ. ಹಳ್ಳಿಯ ಶಾಲೆಯಿಂದ ಜಿಲ್ಲಾ ಆಸ್ಪತ್ರೆಯವರೆಗಿನ ದಾರಿ ಅದು. ಬಸ್ಸಿನ ಚಾರ್ಜು ಬೇಕು. ತಾಯಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಎರಡನೆಯ ಸಲ ಬರಹೇಳಿದರೆ ಇನ್ನೊಂದು ದಿನದ್ದೂ ತಪ್ಪುತ್ತದೆ. ಯಾವ ಕಿಟಕಿಯ ಮುಂದೆ ನಿಲ್ಲಬೇಕು, ಯಾರನ್ನು ಏನೆಂದು ಕೇಳಬೇಕು ಎಂಬ ಅಳುಕು ಬೇರೆ. ಮನೆಯಲ್ಲಿ ಕೈಗೂಸೊಂದಿದ್ದರೆ ಅದನ್ನು ನೋಡಿಕೊಳ್ಳುವವರು ಯಾರು? ಆ ಚೀಟಿ ಪಾಟೀಚೀಲದಲ್ಲಿಯೇ ಮಡಿಕೆಯಾಗಿ ಉಳಿದುಬಿಟ್ಟರೆ ಆ ತಾಯಿಯನ್ನು ಅಲಕ್ಷ್ಯದವಳೆಂದು ನಿಂದಿಸುವುದು ಸುಲಭ. ಆಕೆಯ ಜೊತೆ ಬಸ್ಸು ಹತ್ತುವುದು ಅಷ್ಟು ಸುಲಭವಲ್ಲ.

ಸದ್ಭಕ್ತರೇ, ಇಲ್ಲಿಂದ ಮುಂದಿನ ಮಾತು ನಿಮಗೆ ಸೇರಿದ್ದು. ನಿಮ್ಮಲ್ಲಿ ಅನೇಕರು ಉಪಾಧ್ಯಾಯರು; ಅನೇಕರು ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಇರುವವರು; ಕೆಲವರು ವೈದ್ಯರು. ನಿಮ್ಮೂರ ಶಾಲೆಯಲ್ಲಿ ತಪಾಸಣೆ ನಡೆದ ತಿಂಗಳ ಮೇಲೆ ಹೋಗಿ ಒಂದೇ ಒಂದು ಪ್ರಶ್ನೆಯನ್ನು ಕೇಳಿರಿ: ‘ಆಸ್ಪತ್ರೆಗೆ ಹೋಗಬೇಕೆಂದು ಹೇಳಿಸಿಕೊಂಡ ಮಕ್ಕಳು ಎಷ್ಟು, ಹೋಗಿಬಂದವರು ಎಷ್ಟು?’ ಎರಡು ಸಂಖ್ಯೆಗಳೂ ಒಂದೇ ಆಗಿದ್ದರೆ ಆ ಉಪಾಧ್ಯಾಯರಿಗೂ ಆರೋಗ್ಯ ಕಾರ್ಯಕರ್ತೆಗೂ ಕೈಮುಗಿದು ಬನ್ನಿರಿ. ಬೇರೆಬೇರೆಯಾಗಿದ್ದರೆ ಆ ನಡುವಿನ ಮಕ್ಕಳ ಮನೆಗಳನ್ನು ಹುಡುಕಿರಿ. ವಾರದಲ್ಲಿ ಒಂದು ದಿನ ಊರಿನ ಯಾವುದಾದರೊಂದು ವಾಹನವು ಆ ಮಕ್ಕಳಿಗಾಗಿ ಜಿಲ್ಲಾ ಕೇಂದ್ರಕ್ಕೆ ಹೋಗಿಬಂದರೆ ಜಾತ್ರೆಯ ಒಂದು ಕಮಾನಿನ ಖರ್ಚಿನಷ್ಟೂ ಆಗದು. ಮಗುವಿಗೆ ಕನ್ನಡಕ ಬಂದಿದ್ದರೆ ಅದನ್ನು ಹಾಕಿಕೊಳ್ಳುತ್ತಿದೆಯೇ, ಸಹಪಾಠಿಗಳು ನಗುತ್ತಾರೆಂದು ಚೀಲದಲ್ಲಿ ಬಚ್ಚಿಡುತ್ತಿದೆಯೇ ಎಂಬುದನ್ನೂ ನೋಡಿರಿ.

ಈ ಕೆಲಸವನ್ನು ಮಾಡುವಾಗ ದಾನಿಗಳ ಗತ್ತು ಹತ್ತಿರ ಸುಳಿಯಬಾರದು. ಇಂಗ್ಲೆಂಡಿನ ಬಡ ತಾಯಿ ದರಿದ್ರರ ಕಾನೂನಿನ ಔಷಧಕ್ಕೆ ಏಕೆ ಹಿಂಜರಿದಳೆಂಬುದನ್ನು ನೆನೆಯಿರಿ. ಔಷಧದ ಜೊತೆಗೆ ಅವಮಾನವೂ ಬರುತ್ತಿತ್ತು. ನಿಮ್ಮಲ್ಲಿ ಬಹಳ ಮಂದಿ ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿ ಉಂಡು ಓದಿದವರು. ಅಲ್ಲಿ ನಿಮ್ಮ ತಟ್ಟೆಗೆ ಬಿದ್ದ ಅನ್ನವನ್ನು ಭಿಕ್ಷೆಯೆಂದು ನೀವು ಬಗೆಯಲಿಲ್ಲ, ಬಡಿಸಿದವರೂ ಬಗೆಯಲಿಲ್ಲ. ದಾಸೋಹವೆಂದರೆ ಅದೇ. ನೀಡುವವನು ತಾನು ದೊಡ್ಡವನೆನ್ನದೆ, ಪಡೆಯುವವನು ತಾನು ಸಣ್ಣವನೆನ್ನದೆ ಇರುವ ಪಂಕ್ತಿ ಅದು. ಆ ಪಂಕ್ತಿಯ ಶಿಸ್ತನ್ನು ಆಸ್ಪತ್ರೆಯ ಸಾಲಿಗೂ ಒಯ್ಯುವುದು ನಿಮಗೆ ಕಠಿನವಾಗಲಾರದು.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪರರ ನೋವನ್ನು ಹುಡುಕಿಕೊಂಡು ಹೋಗುವುದು ಪುಣ್ಯವೇ ಸರಿ, ಆದರೆ ಅದು ಸಾಲವಾಗಿ ದೊರೆಯುವ ಪುಣ್ಯ. ಕಂಡ ಕ್ಷಣದಿಂದ ಆ ಸಾಲದ ಲೆಕ್ಕ ಪ್ರಾರಂಭವಾಗುತ್ತದೆ. ಪೂರ್ತಿಯಾಗಿ ತೀರಿಸಲು ಒಬ್ಬನ ಶಕ್ತಿ ಸಾಲದಿರಬಹುದು. ಆಗ ಊರು ಸೇರಿಕೊಳ್ಳಬೇಕು. ಊರಿನಿಂದ ಆಗದಿದ್ದುದನ್ನು ಸರಕಾರದಿಂದ ಕೇಳಿ ಪಡೆಯಬೇಕು. ಈ ವರ್ಷದ ತಪಾಸಣೆ ನಿಮ್ಮೂರ ಶಾಲೆಗೆ ಬಂದುಹೋದ ಮೇಲೆ ಯಾವ ಮಗುವಿನ ಚೀಟಿಯೂ ಪಾಟೀಚೀಲದಲ್ಲಿ ಉಳಿಯದಿರಲಿ ಎಂದು ಹಾರೈಸುತ್ತೇವೆ.